ಪೆಪ್ಪರಮೆಂಟ್ ಎಣ್ಣೆಯ ನಾಲ್ಕು ಹನಿ

"ನಾಕು ಅಂದ್ರೆ ನಾಕೇ," ಎಂದಳು ಬಿಲ್ಕೀಸ್. "ಜಾಸ್ತಿ ಬಿದ್ರೆ ಉರಿ ತಡಿಯಾಕಾಗಲ್ಲ ಅಂತ ಅಜ್ಜ ಹೇಳ್ಯಾರೆ."

ಅವಳು ನೀಲಿ ಶೀಶೆಯನ್ನು ಬಗ್ಗಿಸಿ, ಬಟ್ಟಲಿನಲ್ಲಿದ್ದ ಕೊಬ್ಬರಿ ಎಣ್ಣೆಗೆ ಪೆಪ್ಪರಮೆಂಟ್ ಎಣ್ಣೆಯ ಹನಿಗಳನ್ನು ಒಂದೊಂದಾಗಿ ಬಿಟ್ಟಳು. ಹಿತ್ತಲ ತುಂಬ ಘಮ್ಮೆಂದು ವಾಸನೆ ಹಬ್ಬಿತು. ಶಾಂತಕುಮಾರಿ ಸ್ಕಾರ್ಫ್ ಬಿಚ್ಚಿ, ಒಗೆಯುವ ಕಲ್ಲಿನ ಮೇಲೆ ಕುಳಿತು ತಲೆ ಬಗ್ಗಿಸಿದಳು.

ಆ ತಲೆಯಲ್ಲಿ ಕೂದಲೇ ಇರಲಿಲ್ಲ ಎಂದರೂ ನಡೆಯುತ್ತದೆ. ದೀಪಾವಳಿಗೆ ಹರಿಹರದ ಅತ್ತೆಯ ಮನೆಗೆ ಹೋದವಳು ಟೈಫಾಯಿಡ್ ಹಚ್ಚಿಕೊಂಡು ಬಂದಿದ್ದಳು. ಜ್ವರವೇನೋ ಬಿಟ್ಟಿತು. ಆದರೆ ಸೊಂಟದವರೆಗೆ ಇಳಿಯುತ್ತಿದ್ದ ಕೂದಲು ಹಿಡಿ ಹಿಡಿಯಾಗಿ ಉದುರತೊಡಗಿತು. ಕೊನೆಗೆ ಅಪ್ಪ ಕ್ಷೌರದವನನ್ನು ಕರೆಸಿ, ಉಳಿದದ್ದನ್ನೂ ತೆಗೆಸಿಬಿಟ್ಟರು.

ಅಂದಿನಿಂದ ಅವಳು ಬೀದಿಗೆ ಕಾಲಿಟ್ಟಿರಲಿಲ್ಲ. ಪಿನ್ನು ನಿಲ್ಲುವಷ್ಟಾದರೂ ಕೂದಲು ಬರಲಿ, ಆಮೇಲೆ ಸ್ಕೂಲು ಎಂದು ಹಟ ಹಿಡಿದಿದ್ದಳು. ಹೆಡ್‌ಮೇಷ್ಟ್ರು ಮಾತ್ರ ಕಾಯುವ ಜನ ಅಲ್ಲ. ಮಾರ್ಚಿ ಒಂದನೇ ತಾರೀಖಿಗೆ ಬಾರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಪರೀಕ್ಷೆ ಇಲ್ಲದಿದ್ದರೆ ಬಿಲ್ಕೀಸ್ ಮಿಡ್ಲ್ ಸ್ಕೂಲಿಗೆ ಹೋಗುತ್ತಾಳೆ, ಶಾಂತಕುಮಾರಿ ಚಿಕ್ಕ ಮಕ್ಕಳ ಜೊತೆ ಮತ್ತೆ ನಾಲ್ಕನೇ ಕ್ಲಾಸಿನಲ್ಲಿ ಕೂರುತ್ತಾಳೆ. ಅದನ್ನು ನೆನೆದರೇ ಅವಳಿಗೆ ಅಳು ಬರುತ್ತಿತ್ತು.

ಬಿಲ್ಕೀಸ್‌ಳ ಅಜ್ಜ ಮೌಲಾ ಸಾಬರದು ಮಂಡಿಪೇಟೆಯಲ್ಲಿ ಅತ್ತರು, ಎಣ್ಣೆಗಳ ಅಂಗಡಿ. ಪೆಪ್ಪರಮೆಂಟ್ ಎಣ್ಣೆ ತಿಕ್ಕಿದರೆ ಕೂದಲು ಬೇಗ ಬರುತ್ತದೆ ಎಂದು ಶೀಶೆ ಕೊಟ್ಟವರು ಅವರೇ. ಅಂಗಡಿಯಲ್ಲಿ ಅಜ್ಜನನ್ನು ಬಿಟ್ಟರೆ ಶೀಶೆಗಳನ್ನು ಮುಟ್ಟುವ ಅಧಿಕಾರ ಬಿಲ್ಕೀಸ್‌ಗೆ ಮಾತ್ರ. ಕಣ್ಣು ಮುಚ್ಚಿಕೊಂಡು ಮೂಸಿ, ಇದು ಮಲ್ಲಿಗೆ, ಇದು ಕೇದಗೆ ಎಂದು ಹೇಳುತ್ತಿದ್ದಳು. ಅವಳಿಗೆ ಅದೊಂದು ದೊಡ್ಡ ಹೆಮ್ಮೆ.

ಅವಳು ದಿನಾ ಸ್ಕೂಲು ಬಿಟ್ಟ ಮೇಲೆ ಬಂದು, ಬೆರಳ ತುದಿಯಿಂದ ಮೆಲ್ಲಗೆ ತಿಕ್ಕುತ್ತಿದ್ದಳು. ತಲೆ ಮೊದಲು ತಣ್ಣಗಾಗುತ್ತಿತ್ತು, ಆಮೇಲೆ ಚುರುಚುರು ಅನ್ನುತ್ತಿತ್ತು.

ಮಾರ್ಚಿಗೆ ಹತ್ತು ದಿನ ಉಳಿದಿದ್ದಾಗ, ಒಂದು ಸಂಜೆ ಶಾಂತಕುಮಾರಿ ಅಪ್ಪನ ಮುಂದೆ ಹೋಗಿ ನಿಂತಳು. "ಅಪ್ಪಾ, ನನ್ನ ಕೂದ್ಲು ಅಳೀರಿ."

ವಾಮದೇವಪ್ಪನವರು ಹತ್ತಿ ವ್ಯಾಪಾರಿ. ಒಂದು ಚಿಟಿಕೆ ಹತ್ತಿಯನ್ನು ಎರಡು ಹೆಬ್ಬೆರಳಿನ ನಡುವೆ ಎಳೆದು ನೋಡಿ, ಎಳೆ ಇಷ್ಟುದ್ದ ಎಂದು ಹೇಳಿದರೆ ಮುಗಿಯಿತು, ಯಾರೂ ಸ್ಕೇಲ್ ತರುತ್ತಿರಲಿಲ್ಲ. ಅವರು ಮಗಳನ್ನು ಬೆಳಕಿಗೆ ತಿರುಗಿಸಿ, ಉಗುರಿನ ತುದಿಯಲ್ಲಿ ಕೂದಲು ಹಿಡಿದು ನೋಡಿದರು.

"ಕಾಲಿಂಚು."

"ಪಿನ್ನು ನಿಲ್ಲಾಕೆ ಎಷ್ಟು ದಿನ ಬೇಕು?"

"ಇನ್ನೂ ಮೂರು ತಿಂಗ್ಳು."

"ಹತ್ತು ದಿನದಾಗೆ ಆಗಲ್ವ?"

"ಆಗ್ತತಿ ಅಂತ ಸುಳ್ಳು ಹೇಳ್ಲೇನವ್ವ?" ಎಂದರು ಅಪ್ಪ. ಅವರಿಗೂ ಸಂಕಟವಾಗಿತ್ತು.

ಮರುದಿನ ಮಧ್ಯಾಹ್ನ ಅವ್ವ ಮಲಗಿದ್ದಾಗ ಶಾಂತಕುಮಾರಿ ಶೀಶೆಯ ಬಿರಡೆ ತೆಗೆದಳು. ನಾಲ್ಕು ಹನಿಗೆ ಮೂರು ತಿಂಗಳಾದರೆ, ಇಡೀ ಶೀಶೆಗೆ ಹತ್ತು ದಿನ ಸಾಕಲ್ಲ? ಲೆಕ್ಕ ಅವಳಿಗೆ ಸರಿಯಾಗಿಯೇ ಕಂಡಿತು. ಇದ್ದಷ್ಟನ್ನೂ ಬಟ್ಟಲಿಗೆ ಸುರಿದುಬಿಟ್ಟಳು.

ಸಂಜೆ ಬಿಲ್ಕೀಸ್ ಬಂದವಳೇ ಮೂಗು ಅರಳಿಸಿದಳು. "ಇವತ್ತು ವಾಸನೆ ಭಾಳ ಜೋರೈತಲ್ಲೇ?"

"ನಾನೇ ನಾಕು ಹನಿ ಹಾಕಿಟ್ಟೀನಿ. ನೀನು ತಿಕ್ಕು."

ಬಿಲ್ಕೀಸ್ ನಂಬಿ ತಿಕ್ಕಿದಳು. ಎರಡು ನಿಮಿಷವೂ ಆಗಿರಲಿಲ್ಲ, ಶಾಂತಕುಮಾರಿ ಕಿಟಾರನೆ ಕಿರುಚಿಕೊಂಡಳು. ತಲೆಗೆ ಕೆಂಡ ಸುರಿದ ಹಾಗಾಯಿತು. ಬಿಲ್ಕೀಸ್ ಕೂಡ ಕೈ ಒದರುತ್ತಾ ನಿಂತಳು, ಅವಳ ಬೆರಳುಗಳೂ ಉರಿಯುತ್ತಿದ್ದವು.

ಅವ್ವ ಓಡಿ ಬಂದು, ಬರೀ ಕೊಬ್ಬರಿ ಎಣ್ಣೆ ಸುರಿದು ಸುರಿದು ಒರೆಸಿದರು. ತಲೆಯೆಲ್ಲ ಕೆಂಪಗಾಗಿತ್ತು. "ಯಾರು ಇಷ್ಟು ಹಾಕಿದ್ದು?" ಎಂದು ಗದರಿದರು.

ಬಿಲ್ಕೀಸ್ ಶಾಂತಕುಮಾರಿಯ ಕಡೆ ನೋಡಿದಳು. ಶಾಂತಕುಮಾರಿ ಕಣ್ಣು ಮುಚ್ಚಿಕೊಂಡು ಅಳುತ್ತಿದ್ದಳು, ತುಟಿ ಪಿಟಕ್ಕೆನ್ನಲಿಲ್ಲ.

"ನಾನೇ," ಎಂದಳು ಬಿಲ್ಕೀಸ್.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೂರನೇ ದಿನ, ಭಾನುವಾರ, ಅವ್ವ ಮಂಡಿಪೇಟೆಯಿಂದ ಕಾಯಿಪಲ್ಲೆ ತಂದವರು ಚೀಲ ಇಳಿಸುತ್ತಾ ಹೇಳಿದರು, "ಮೌಲಾ ಸಾಬ್ರು ಪಾಪ, ತಾವೇ ತಪ್ಪು ಮಾಡಿದಂಗೆ ನೊಂದ್ಕೊಂಡ್ರು. ಇನ್ನ ಆ ಹುಡುಗೀನ ಶೀಶೆ ಮುಟ್ಟಾಕೆ ಬಿಡಲ್ಲ ಅಂದ್ರು. ಮೂಲ್ಯಾಗೆ ಸುಮ್ನೆ ಕುಂತಿತ್ತು."

ಶಾಂತಕುಮಾರಿ ಉಣ್ಣುತ್ತಿದ್ದ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದಳು. ಕೈ ತೊಳೆದಳೋ ಇಲ್ಲವೋ, ಹೊಸ್ತಿಲು ದಾಟಿ ಓಡಿದಳು. "ಎಲ್ಲಿಗೇ?" ಎಂದು ಅವ್ವ ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ಹತ್ತಿ ಹೇರಿದ ಗಾಡಿಗಳ ನಡುವೆ ನುಸುಳಿ, ಸೈಕಲ್ಲಿನವರಿಂದ ಬೈಸಿಕೊಂಡು, ಮಂಡಿಪೇಟೆ ಮುಟ್ಟುವವರೆಗೂ ನಿಲ್ಲಲಿಲ್ಲ.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಮೂಲೆಯಲ್ಲಿ ಬಿಲ್ಕೀಸ್ ಮೊಣಕಾಲಿಗೆ ಗದ್ದ ಊರಿ ಕುಳಿತಿದ್ದಳು.

"ತಾತಾ, ಎಣ್ಣಿ ಸುರಿದಿದ್ದು ನಾನು," ಎಂದಳು ಶಾಂತಕುಮಾರಿ, ಏದುಸಿರು ಬಿಡುತ್ತಾ. "ಶೀಶೆ ಪೂರಾ ಸುರಿದೆ. ಬಿಲ್ಕೀಸ್‌ಗೆ ಗೊತ್ತೇ ಇರ್ಲಿಲ್ಲ. ನಾಕೇ ಹನಿ ಅಂತ ಸುಳ್ಳು ಹೇಳ್ದೆ."

ಮೌಲಾ ಸಾಬರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಆಮೇಲೆ ಮೊಮ್ಮಗಳನ್ನು ನೋಡಿದರು.

"ಇಂಥಾ ಬಿಸಲಾಗೆ ಬರೇ ತಲ್ಯಾಗೆ ಬಂದೀಯಲ್ಲ ಮಗಾ," ಎಂದರು.

ಶಾಂತಕುಮಾರಿಯ ಕೈ ತಲೆಗೆ ಹೋಯಿತು. ಸ್ಕಾರ್ಫ್ ಮನೆಯಲ್ಲೇ ಉಳಿದಿತ್ತು. ಗಿರಾಕಿಗಳು ಅವಳನ್ನೇ ನೋಡುತ್ತಿದ್ದರು. ಅವಳ ಮುಖ ಬಿಸಿಯಾಯಿತು, ಆದರೂ ಅವಳು ಅಲ್ಲಿಂದ ಕದಲಲಿಲ್ಲ.

ಮೌಲಾ ಸಾಬರು ಗಿರಾಕಿಯ ಕಡೆ ತಿರುಗಿದರು. "ನಿಮಗೆ ಗುಲಾಬಿ ಅಲ್ಲೇನ್ರಿ?" ಎಂದು, ಹಿಂದಕ್ಕೆ ಕೈ ಚಾಚಿದರು. "ಬಿಲ್ಕೀಸ್, ಗುಲಾಬಿ ಶೀಶೆ ಕೊಡು ಬೇಟಿ."

ಬಿಲ್ಕೀಸ್ ದಡಬಡನೆ ಎದ್ದು, ಕಪಾಟಿನಿಂದ ಶೀಶೆ ತೆಗೆದು ಕೊಟ್ಟಳು. ಆಮೇಲೆ ಹೊರಗೆ ಬಂದು ಶಾಂತಕುಮಾರಿಯ ಪಕ್ಕ ನಿಂತಳು. ಅವಳ ಬೆರಳ ತುದಿಗಳಲ್ಲಿ ಸಿಪ್ಪೆ ಸುಲಿದಿತ್ತು.

"ನೀನು ಯಾಕ ಹೇಳ್ಲಿಲ್ಲ?" ಎಂದು ಶಾಂತಕುಮಾರಿ ಕೇಳಿದಳು.

"ನೀನು ಅಳಾಕೆ ಹತ್ತಿದ್ಯಲ್ಲ," ಎಂದಳು ಬಿಲ್ಕೀಸ್. ಆಮೇಲೆ ತನ್ನ ದುಪಟ್ಟಾ ತೆಗೆದು ಮುಂದೆ ಹಿಡಿದಳು. "ತಗಾ, ಹೊದ್ಕೊಂಡು ಮನಿಗೆ ಹೋಗು. ನಾಳೆ ಸ್ಕೂಲಿಗೂ ಇದನ್ನೇ ಕಟ್ಕೊಂಡು ಬಾ."

ಶಾಂತಕುಮಾರಿ ಬಂದ ದಾರಿಯನ್ನೊಮ್ಮೆ ನೋಡಿದಳು. ಗಾಡಿಯವರು, ಸೈಕಲ್ಲಿನವರು, ಕಟ್ಟೆಯ ಮೇಲೆ ಕುಳಿತವರು ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿದ್ದರು.

"ಬ್ಯಾಡ ಬಿಡು," ಎಂದಳು. "ಅರ್ಧ ದಾವಣಗೆರೆ ನೋಡಿಯಾತು. ಇನ್ನ ನಮ್ಮ ಕ್ಲಾಸೊಂದು ತಾನೆ."