ಭುಜದೆತ್ತರದ ಗೆಳೆಯ

ಆಸ್ಟ್ರೇಲಿಯಾದ ಮರುಭೂಮಿಯಲ್ಲಿ, ಬತ್ತಿದ ಒರತೆಯ ಪಕ್ಕ ಕಾಲು ಮುರಿದುಕೊಂಡು ಬಿದ್ದಿದ್ದ ಸೈಲಸ್ ಪೆಂಗೆಲಿಯ ನೀರಿನ ಚೀಲವನ್ನೂ ದಿನಚರಿಯನ್ನೂ ಎತ್ತಿಕೊಂಡು ಆಂಬ್ರೋಸ್ ಹೆಸ್ಕೆತ್ ಕುದುರೆ ಹತ್ತಿದ.

ಎರಡು ವರ್ಷ ಕಳೆದು ಅಡಿಲೇಡಿನಲ್ಲಿ ಈ ಮಹಾ ಅನ್ವೇಷಕನ ಮೂರನೆಯ ಭಾವಚಿತ್ರ ಸಿದ್ಧವಾಗುತ್ತಿತ್ತು. ಮೊದಲನೆಯದರಲ್ಲಿದ್ದ ಬಿಳಿ ಕುದುರೆ ಬಾಡಿಗೆಯದು. ನಿಜವಾದದ್ದನ್ನು ದಾರಿಯಲ್ಲಿ ಕೊಯ್ದು ತಿಂದಿದ್ದ. ಎರಡನೆಯದರಲ್ಲಿ ಅವನು ಕಾಲೂರಿದ್ದ ಮರುಭೂಮಿಯ ಬಂಡೆ ಮೇಯರರ ತೋಟದ್ದು. ಸೈಲಸ್‌ನ ದಿನಚರಿ ಹೆಸ್ಕೆತ್‌ನ ಹೆಸರಲ್ಲಿ ಅಚ್ಚಾಗಿತ್ತು. ‘ನಾವು’ ಕಂಡಲ್ಲೆಲ್ಲ ‘ನಾನು’ ಎಂದು ತಿದ್ದಿದ್ದೇ ಅವನ ಸಾಹಿತ್ಯಸೇವೆ.

ಉಳಿದ ಮುಳ್ಳು ಸೈಲಸ್‌ನ ಅಕ್ಕ ಟ್ಯಾಮ್ಸಿನ್. ಚಿನ್ನ ಅಗೆಯಲು ತಮ್ಮ ಕ್ಯಾಲಿಫೋರ್ನಿಯಾಕ್ಕೆ ಹೋದನೆಂದರೆ ನಂಬಳು. ಹೆಸ್ಕೆತ್ ಒಬ್ಬ ನಾವಿಕನ ಮೂಲಕ ಅಲ್ಲಿಂದ ಸೈಲಸ್‌ನ ಹೆಸರಲ್ಲಿ ಕಾಗದ ಹಾಕಿಸಿದ. ಕೈನೋವು, ಬೇರೆಯವರಿಂದ ಬರೆಸಿದ್ದೇನೆ ಎಂಬ ಸಾಲನ್ನೂ ಮರೆಯಲಿಲ್ಲ.

“ನನ್ನ ತಮ್ಮ ಷರಟಿನ ಗುಂಡೀನೂ ಬೇರೆಯವರ ಕೈಲಿ ಹೊಲಿಸಿದವನಲ್ಲ, ಹೆಸ್ಕೆತ್ ಅವರೇ,” ಎಂದಳು.

ಆಗ ಹೊಳೆಯಿತು ಉಪಾಯ. ಕೊಂದವನು ಸತ್ತವನನ್ನು ತನ್ನ ಪಕ್ಕದಲ್ಲೇ ಗೋಡೆಗೆ ತೂಗುಹಾಕುತ್ತಾನೆಯೇ? ಹಳೆಯ ಫೋಟೋ ನೋಡಿ ಸೈಲಸ್‌ನನ್ನೂ ಬರೆಯಲು ಚಿತ್ರಕಾರನಿಗೆ ಹೇಳಿದ.

“ಅವರು ಎಷ್ಟು ಎತ್ತರ ಇರಲಿ ಸಾರ್?”

“ನನ್ನ ಭುಜದ ತನಕ ಸಾಕು. ಗೆಳೆತನಕ್ಕೂ ಒಂದು ಅಳತೆ ಇರುತ್ತಲ್ಲ.”

ಇನ್ನು ಸಾಕ್ಷಿ. ದಾರಿ ತೋರಿಸಿದ್ದ ಮೂಲನಿವಾಸಿಯನ್ನು, ಸಿಕ್ಕಿದ ದಿನದ ಲೆಕ್ಕದಲ್ಲಿ, ‘ಸೋಮವಾರ’ ಎಂದು ಕರೆಯುತ್ತಿದ್ದ. ನಿಜ ಹೆಸರು ಕೇಳಲು ಪುರಸೊತ್ತಾಗಿರಲಿಲ್ಲ. ಬಾಯಿಬಿಟ್ಟರೆ ಸೈಲಸ್‌ನನ್ನು ಈಟಿ ಎಸೆದು ಕೊಂದವನು ನೀನೇ ಅಂತೀನಿ ಎಂದು ಹೆದರಿಸಿ ಲಾಯದಲ್ಲಿ ಇಟ್ಟುಕೊಂಡಿದ್ದ. ಬಿಳಿಯನ ವಿರುದ್ಧ ಅವನ ಮಾತಿಗೆ ಕವಡೆ ಕಿಮ್ಮತ್ತಿರಲಿಲ್ಲ. ಬಿಳಿಯನ ಪರವಾಗಿ ಆಡಿದರೆ ಚಪ್ಪಾಳೆ ಬೀಳುತ್ತಿತ್ತು.

“ಚಿತ್ರ ತೋರಿಸಿ ‘ಸೈಲಸ್ ಧಣಿ ಹಡಗು ಹತ್ತಿದರು’ ಅನ್ನು. ಅಷ್ಟೇ.”

“ನೆಲದ ದಾರಿ ಕೇಳಿ ಧಣಿ, ಹೇಳ್ತೀನಿ. ಹಡಗು ನಾನು ನೋಡಿಲ್ಲ.”

“ನಾಳೆ ಹೊತ್ತಿಗೆ ನೋಡಿರ್ತೀಯ.”

ಅವನು ಕುದುರೆಗೆ ಹುಲ್ಲು ಹಾಕತೊಡಗಿದ. ಹೆಸ್ಕೆತ್ ಅದನ್ನು ಒಪ್ಪಿಗೆ ಎಂದುಕೊಂಡ.

ಮರುದಿನ ಅನ್ವೇಷಕರ ಸಂಘದ ಸಭಾಂಗಣದಲ್ಲಿ, ವಿಕ್ಟೋರಿಯಾ ರಾಣಿಯ ಚಿತ್ರದ ಪಕ್ಕ, ಪರದೆ ಸರಿಯಿತು. ಸೈಲಸ್‌ನ ಮುಖ ಕಂಡದ್ದೇ ‘ಸೋಮವಾರ’ ಅಂಗೈಯಿಂದ ಕಣ್ಣು ಮುಚ್ಚಿ ಗೋಡೆಗೆ ತಿರುಗಿದ. ಸಭೆ ನಕ್ಕಿತು. ಟ್ಯಾಮ್ಸಿನ್ ಮಾತ್ರ ನಗದೆ ಹೆಸ್ಕೆತ್‌ನ ಪುಸ್ತಕ ತೆರೆದು ಒಂಬತ್ತನೆಯ ಅಧ್ಯಾಯ ಓದಿದಳು: ಈ ಜನ ಸತ್ತವರ ರೂಪ ನೋಡುವುದಿಲ್ಲ, ಸತ್ತವರ ಹೆಸರು ಎತ್ತುವುದಿಲ್ಲ. ಆ ಅಧ್ಯಾಯದಲ್ಲಿ ಒಂದೂ ‘ನಾವು’ ಇಲ್ಲದ್ದರಿಂದ ಹೆಸ್ಕೆತ್ ಅದನ್ನು ಓದದೆಯೇ ಅಚ್ಚಿಗೆ ಕಳಿಸಿದ್ದ. “ನನ್ನ ಹೆಸರೇನಪ್ಪಾ?” ಎಂದು ಗೋಡೆಗೆ ತಿರುಗಿದ್ದವನನ್ನು ಕೇಳಿದಳು. “ಟ್ಯಾಮ್ಸಿನಮ್ಮ.” “ಇವರದು?” “ಹೆಸ್ಕೆತ್ ಧಣಿ.” “ಚಿತ್ರದಲ್ಲಿ ಇವರ ಪಕ್ಕ ಇರೋರದು?” ಸಭೆ ನಗು ನಿಲ್ಲಿಸಿತು. “ಹೇಳೋ, ಹೆಸರು ಹೇಳೋ,” ಎಂದು ಹೆಸ್ಕೆತ್ ಅವನ ತೋಳು ಹಿಡಿದು ಅಲುಗಾಡಿಸಿದ. ಅವನು ಗೋಡೆಯಿಂದ ಮುಖ ತಿರುಗಿಸಲಿಲ್ಲ. “ಹೇಳಲ್ಲ,” ಎಂದ.