ಕೆಂಪು ಕಾರು ಕೇಳಿದ್ದು

"ಇದು ಏನಾದ್ರೂ ಕೇಳಿದ್ರೆ ತಡ ಮಾಡ್ಬೇಡಪ್ಪ," ಎಂದಳು ಮುದುಕಿ, ಕಾರಿನ ಕೀಲಿಯನ್ನು ಕೊಡದೆ ಮುಷ್ಟಿಯಲ್ಲೇ ಹಿಡಿದುಕೊಂಡು. "ಕೇಳಿದ ದಿನವೇ, ಕತ್ತಲಾಗೋದ್ರೊಳಗೆ, ಹೊಸ ಸಾಮಾನು ತಂದು ಹಾಕ್ಬಿಡು. ಹಳೇದ್ರಲ್ಲೇ ಇನ್ನೊಂದು ವಾರ ಓಡಿಸ್ತೀನಿ ಅಂದ್ರೆ, ಅದು ತನಗೆ ಬೇಕಾದ್ದನ್ನ ತಾನೇ ತಗೊಳ್ಳುತ್ತೆ."

"ಎಲ್ಲಿಂದ ತಗೊಳ್ಳುತ್ತಜ್ಜಿ? ಅಂಗಡಿಗೆ ನಡ್ಕೊಂಡು ಹೋಗುತ್ತಾ?"

ಮುದುಕಿ ನಗಲಿಲ್ಲ. ಅವಳ ಮಗ ಆ ಕಾರನ್ನು ಗೆಳೆಯನೊಬ್ಬನಿಂದ ಮೋಸ ಮಾಡಿ ಕಿತ್ತುಕೊಂಡಿದ್ದನಂತೆ. ಗೆಳೆಯನ ಹೆಂಡತಿ ಹೊಟ್ಟೆಯುರಿಗೆ ಅದಕ್ಕೆ ಮಾಟ ಮಾಡಿಸಿದಳಂತೆ. ಈಗ ಮಗನಿಲ್ಲ, ಸೊಸೆಯಿಲ್ಲ, ಮೊಮ್ಮಕ್ಕಳಿಬ್ಬರೂ ಇಲ್ಲ. "ನಮ್ಮವರದ್ದು ಇದರೊಳಗೆ ಇನ್ನೇನೂ ಉಳಿದಿಲ್ಲ. ಅದಕ್ಕೇ ಮಾರ್ತಿದೀನಿ," ಎಂದು ಕೀಲಿ ಬಿಟ್ಟುಕೊಟ್ಟಳು.

ಅವನ ಕಿವಿ ಆಗಲೇ ಎಂಜಿನ್ ಕಡೆಗಿತ್ತು. ಊರೆಲ್ಲ ಅವನನ್ನು ಹಲ್ಲು ಮೇಷ್ಟ್ರು ಎನ್ನುತ್ತಿತ್ತು. ಪಾಠ ಹೇಳುವ ಮೇಷ್ಟ್ರಲ್ಲ, ಹಲ್ಲಿನ ಸೆಟ್ಟು ಮಾಡುವವನು. ದಿನವಿಡೀ ಗಚ್ಚಿನ ಧೂಳು, ಕಾದ ಮೇಣದ ವಾಸನೆ, ಯಾರದೋ ಬಾಯಿಯ ಅಚ್ಚು. ಲ್ಯಾಬಿಗೆ ಹೋಗಿಬರುವ ಮುಕ್ಕಾಲು ಗಂಟೆಯ ದಾರಿಯಾದರೂ ಖಾರವಾಗಿರಲಿ ಎಂದು ಈ ಇಪ್ಪತ್ತು ವರ್ಷ ಹಳೆಯ, ಮೂರು ಬಾಗಿಲಿನ ಹ್ಯಾಚ್‌ಬ್ಯಾಕ್ ಹುಡುಕಿದ್ದ. ನೋಡಲು ಪುಟ್ಟದು. ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ ಟರ್ಬೊ ಸಿಳ್ಳೆ ಹಾಕಿ ಬೆನ್ನನ್ನು ಸೀಟಿಗೆ ಅಂಟಿಸುತ್ತಿತ್ತು. ಒಳಗೆ ಪೆಟ್ರೋಲು, ಬಿಸಿಲಿಗೆ ಬೆಂದ ಸೀಟಿನ ಬಟ್ಟೆ, ಅದರಡಿಯಲ್ಲೆಲ್ಲೋ ಕೂದಲು ಸುಟ್ಟ ವಾಸನೆ.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ," ಎಂದಳು ಹೆಂಡತಿ. ಆದರೂ ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿಬಂದಳು. ಅವನ ತಾಯಿ, ಎಂಟು ವರ್ಷದ ಮಗಳು ಹಿಂದೆ ಕೂತರು.

ಎರಡು ತಿಂಗಳಿಗೆ ಕಾರು ಮೊದಲ ಸಲ ಕೇಳಿತು. ಏರಿನಲ್ಲಿ ಎಂಜಿನ್ ಅರಚುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ.

"ಕ್ಲಚ್ ಪ್ಲೇಟ್ ಸವೆದಿದೆ ಮೇಷ್ಟ್ರೇ," ಎಂದ ಮೆಕ್ಯಾನಿಕ್. "ಈ ಮಾಡೆಲ್ ನಿಂತೇ ಹೋಯ್ತಲ್ಲ, ಸಾಮಾನು ಬರೋಕೆ ಮೂರು ವಾರ. ಅಲ್ಲಿವರೆಗೆ ಓಡಿಸ್ಬೇಡಿ."

"ಮತ್ತೆ ಲ್ಯಾಬಿಗೆ ಹಾರ್ಕೊಂಡು ಹೋಗ್ಲಾ? ಓಡೋವರೆಗೂ ಓಡ್ಲಿ ಬಿಡಿ. ಮುಂದಿನ ತಿಂಗಳು ನೋಡೋಣ."

ಮರುದಿನ ಬೆಳಿಗ್ಗೆ ಕ್ಲಚ್ ಬೆಣ್ಣೆಯಂತಿತ್ತು. ಅವನು ಸಿಳ್ಳೆ ಹಾಕುತ್ತಾ ಏರು ಹತ್ತಿದ. ಅದೇ ಹೊತ್ತಿಗೆ ಮನೆಯಲ್ಲಿ ಹೆಂಡತಿ ಮೆಟ್ಟಿಲಿಳಿಯುತ್ತಾ ಮೂರನೆಯದರಲ್ಲಿ ಕುಸಿದು ಕೂತಳು. ಬಲ ಮೊಣಕಾಲು ಮರಳು ಅರೆದ ಹಾಗೆ ಸದ್ದು ಮಾಡುತ್ತಿತ್ತು. ವೈದ್ಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ. ಎಲುಬಿಗೂ ಎಲುಬಿಗೂ ನಡುವೆ ಏನೂ ಇರಲಿಲ್ಲ. "ಯಾರೋ ಕೆರೆದು ತೆಗೆದ ಹಾಗಿದೆ," ಎಂದ.

ಆಗಲೂ ಅವನಿಗೆ ಹೊಳೆಯಲಿಲ್ಲ. ಹೆಡ್‌ಲೈಟಿನ ಗಾಜು ಹಳೆಯ ಹಲ್ಲಿನ ಸೆಟ್ಟಿನಂತೆ ಹಳದಿಗಟ್ಟಿದಾಗ, ಭಾನುವಾರ ಉಜ್ಜಿದರಾಯಿತು ಎಂದುಕೊಂಡ. ಭಾನುವಾರ ಬೆಳಿಗ್ಗೆ ಎರಡೂ ದೀಪ ತಿಳಿನೀರಿನಂತೆ ಹೊಳೆಯುತ್ತಿದ್ದವು. ಅಡುಗೆಮನೆಯಲ್ಲಿ ತಾಯಿ ಗೋಡೆ ತಡವುತ್ತಾ ನಿಂತಿದ್ದಳು.

"ಮಗಾ, ಮನೆಯೊಳಗೆ ಇಷ್ಟೊಂದು ಮಂಜು ಯಾಕೆ ಬಿದ್ದಿದೆ?"

ಅವನಿಗೆ ಮುದುಕಿಯ ಮುಷ್ಟಿ ನೆನಪಾಯಿತು.

ಮರುದಿನ ಮಟಮಟ ಮಧ್ಯಾಹ್ನ ಮೆಕ್ಯಾನಿಕ್ ಕ್ಲಚ್ ನೋಡಲು ಗೇರ್‌ಬಾಕ್ಸ್ ಇಳಿಸಿದ. ಮೊದಲು ವಾಸನೆ ಬಂತು. ಹಸಿ ಮಾಂಸದ, ಬಿಸಿ ವಾಸನೆ. ಕ್ಲಚ್ ಪ್ಲೇಟಿನ ಮೇಲೆ ಬೆಳ್ಳಗಿನ, ನುಣುಪಾದ ಪದರವಿತ್ತು, ಕಿವಿಯೊಳಗಿನ ಮೆತ್ತನೆಯ ಎಲುಬಿನ ಹಾಗೆ. ಅದು ಒದ್ದೆಯಾಗಿತ್ತು.

"ಇದೇನು ಇದು," ಎನ್ನುತ್ತಾ ಮೆಕ್ಯಾನಿಕ್ ಸ್ಕ್ರೂಡ್ರೈವರ್ ತುದಿಯಿಂದ ಸ್ವಲ್ಪ ಕೆರೆದ.

ಹಲ್ಲು ಮೇಷ್ಟ್ರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ತಾಯಿಯ ದನಿ, ಅದರ ಹಿಂದೆ ಹೆಂಡತಿಯ ಚೀರಾಟ. "ಮೊಣಕಾಲಿಗೆ ಯಾರೋ ಚುಚ್ಚಿದ್ರು ಅಂತ ಹೊರಳಾಡ್ತಿದಾಳೆ ಕಣೋ, ಇಲ್ಲಿ ಯಾರೂ ಇಲ್ಲ, ನನಗೆ ಕಣ್ಣೂ ಕಾಣಲ್ಲ, ಬೇಗ ಬಾ."

ಫೋನಿನಿಂದ ಹೊರಬರುತ್ತಿದ್ದ ಚೀರಾಟ ಮೆಕ್ಯಾನಿಕ್‌ಗೂ ಕೇಳಿಸಿತು. ಸ್ಕ್ರೂಡ್ರೈವರನ್ನು ಮೆಲ್ಲಗೆ ನೆಲಕ್ಕಿಟ್ಟ. ಹೇಗೆ ಬಿಚ್ಚಿದ್ದನೋ ಹಾಗೇ ಎಲ್ಲವನ್ನೂ ಮುಚ್ಚತೊಡಗಿದ. ಹಲ್ಲು ಮೇಷ್ಟ್ರು ಮುದುಕಿಯ ಮಾತನ್ನೂ, ಹೆಡ್‌ಲೈಟು ಹೊಳೆದ ದಿನ ಅಮ್ಮನ ಕಣ್ಣು ಮಂಜಾದದ್ದನ್ನೂ ಅವನಿಗೆ ಹೇಳಿದ.

"ಮಾರಿಬಿಡ್ತೀನಿ," ಎಂದ ಹಲ್ಲು ಮೇಷ್ಟ್ರು.

"ಮಾರಿ. ನಿಮ್ಮ ಹೆಂಡ್ತಿ ಮೊಣಕಾಲನ್ನ ಯಾವನ ಕಾಲಡಿಗೆ ಕೊಡ್ತೀರಿ? ನಿಮ್ಮಮ್ಮನ ಕಣ್ಣನ್ನ ಅವನು ಯಾವ ಗೋಡೆಗೆ ಗುದ್ದಿಸ್ತಾನೆ?"

"ಹಾಗಾದ್ರೆ ಮನೇಲೇ ನಿಲ್ಲಿಸ್ತೀನಿ. ಮುಟ್ಟೋದೇ ಇಲ್ಲ."

"ನಿಂತ ಗಾಡಿ ಓಡೋ ಗಾಡಿಗಿಂತ ಬೇಗ ಕೊಳೆಯುತ್ತೆ. ದಿನಾ ಓಡಿಸಿ. ಹುಷಾರಾಗಿ ಓಡಿಸಿ. ನನ್ನ ಹತ್ರ ಮಾತ್ರ ಇನ್ನು ತರಬೇಡಿ."

ಅಂದಿನಿಂದ ಅವನು ಎಣ್ಣೆ ತುಂಬಿದ ಬಟ್ಟಲು ಹಿಡಿದವನಂತೆ ಕಾರು ಓಡಿಸಿದ. ಹಳ್ಳ ಕಂಡರೆ ಉಸಿರು ಬಿಗಿಹಿಡಿದ. ಎಲ್ಲೆಲ್ಲಿಂದಲೋ ಬಿಡಿಭಾಗ ತರಿಸಿ ಮಲಗುವ ಕೋಣೆಯಲ್ಲಿ ಪೇರಿಸಿದ. ಬೆಲ್ಟು, ನೀರಿನ ಪಂಪು, ರಬ್ಬರ್ ಕೊಳವೆ, ಬ್ರೇಕ್ ಪ್ಯಾಡು. ಬಿಚ್ಚುವುದು, ಹಾಕುವುದು ತಾನೇ ಕಲಿತ. ಹಾಸಿಗೆಯೆಲ್ಲ ಗ್ರೀಸ್ ನಾತ. ಒಮ್ಮೆ ಬೆಲ್ಟು ಕಿರುಗುಟ್ಟಿದಾಗ ಲ್ಯಾಬಿಗೆ ರಜೆ ಹಾಕಿ ಕತ್ತಲಾಗುವುದರೊಳಗೆ ಬದಲಿಸಿದ. ಯಾರಿಗೂ ಏನೂ ಆಗಲಿಲ್ಲ. ಬಚಾವಾದೆ ಅನ್ನಿಸಿತು.

"ಅಪ್ಪ, ಆ ಸೈಕಲ್ ತಾತ ನಮ್ಮನ್ನ ದಾಟಿ ಹೋದ್ರು," ಎಂದು ಒಂದು ಬೆಳಿಗ್ಗೆ ಮಗಳು ಶಾಲೆಯ ದಾರಿಯಲ್ಲಿ ನಕ್ಕಳು.

ಆ ಸಂಜೆ ಲ್ಯಾಬಿನ ಓಣಿಯಲ್ಲಿ ಸಾಮಾನಿನ ವ್ಯಾನೊಂದು ಹಿಮ್ಮುಖವಾಗಿ ಬರತೊಡಗಿತು. ನೇರ ಹೆಡ್‌ಲೈಟಿಗೆ. ಅಮ್ಮನ ಕಣ್ಣಿಗೆ. ಅವನು ಹಾರ್ನ್ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಒಣ ಕೆಮ್ಮಿನಂಥದ್ದೊಂದು 'ಖರ್', ಅಷ್ಟೆ. ವ್ಯಾನು ಗೇಣು ದೂರದಲ್ಲಿ ತಾನಾಗಿ ನಿಂತಿತು.

ಹಾರ್ನ್. ಕೋಣೆ ತುಂಬ ಡಬ್ಬಿಗಳಿದ್ದವು. ಹಾರ್ನ್ ಇರಲಿಲ್ಲ. ಮೆಲ್ಲಗೆ ಹೋಗುವವನಿಗೆ ಅದು ಬೇಕಾದೀತೆಂದು ಹೊಳೆದೇ ಇರಲಿಲ್ಲ.

ಬಿಸಿಲು ಮಾಳಿಗೆಗಳ ತುದಿಗೇರಿತ್ತು. ತಿಂಗಳುಗಳ ಮೇಲೆ ಮೊದಲ ಸಲ ಕಾಲನ್ನು ಪೂರಾ ಒತ್ತಿದ. ಟರ್ಬೊ ಸಿಳ್ಳೆ ಹಾಕಿತು. ಮೊದಲನೇ ಅಂಗಡಿ ಮುಚ್ಚಿತ್ತು. ಎರಡನೆಯದರಲ್ಲಿ ಇಲ್ಲ. ಮೂರನೆಯವನು ಷಟರ್ ಅರ್ಧ ಎಳೆದಿದ್ದ. ಇವನು ಕೈಮುಗಿದ. ಡಬ್ಬಿ ಸಿಕ್ಕಿತು. ಅಂಗಡಿ ಮುಂದೆಯೇ ಬಾನೆಟ್ ಎತ್ತಿದ. ಒಳಗಿನ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಮಾಂಸದ ವಾಸನೆ. ಬೋಲ್ಟಿಗೆ ತುಕ್ಕು. ತಿರುಗಿಸಿದ. ತಿರುಗಲಿಲ್ಲ. ಸ್ಪ್ಯಾನರ್ ಜಾರಿತು. ಬೆರಳಿನ ಗೆಣ್ಣಿನ ಚರ್ಮ ಕಿತ್ತುಬಂತು. ಮತ್ತೆ ಹಾಕಿದ. ಅಳುತ್ತಾ ತಿರುಗಿಸಿದ. ರಕ್ತಕ್ಕೆ ಜಾರಿತು. ತಲೆಯೆತ್ತಿದಾಗ ಬೀದಿದೀಪಗಳು ಹತ್ತಿದ್ದವು. ಹಳೆಯ ಹಾರ್ನ್ ಇನ್ನೂ ಅಲ್ಲೇ ಇತ್ತು.

ಮನೆಗೆ ಫೋನ್ ಮಾಡಿದ. ಹೆಂಡತಿ ಎತ್ತಿದಳು.

"ಎಲ್ಲರೂ ಚೆನ್ನಾಗಿದೀರಾ?"

"ಹೂಂ ರೀ. ಯಾಕೆ?"

"ಅಮ್ಮ?"

"ಇಲ್ಲೇ ಮಾತಾಡ್ತಾ ಕೂತಿದಾರೆ."

"ಮಗಳು?"

"ಓದ್ಕೋತಿದಾಳೆ. ಏ, ಅಪ್ಪ ನೋಡು, ಮಾತಾಡು." ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿಸಿತು. ಆಮೇಲೆ ಹೆಂಡತಿಯ ದನಿ, ದೂರದಿಂದ: "ಯಾಕೇ ಬಾಯಿ ಬಾಯಿ ಬಿಡ್ತೀಯ? ಮಾತಾಡೇ."

ಅವನು ಕಾರಿನೊಳಗೆ ಕೂತ. ಬೇಡ, ಬೇಡ ಎಂದುಕೊಳ್ಳುತ್ತಲೇ ಹಾರ್ನ್ ಮೇಲೆ ಕೈಯಿಟ್ಟು ಒತ್ತಿದ.

"ಅಪ್ಪಾ," ಎಂದಿತು ಕಾರು.

ವೈದ್ಯ ಮಗಳ ಗಂಟಲೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ತನ್ನ ದನಿ ಎಲ್ಲಿದೆಯೆಂದು ಮಗಳು ತಾನೇ ಕಂಡುಹಿಡಿದಳು. ಈಗ ದಿನಾ ಸಂಜೆ ಡ್ರೈವರ್ ಸೀಟಿನಲ್ಲಿ ಕೂತು ಎರಡೂ ಕೈಯಲ್ಲಿ ಹಾರ್ನ್ ಒತ್ತುತ್ತಾಳೆ. ಅಮ್ಮನನ್ನು ಕರೆಯಬೇಕಾದರೂ, ಅಜ್ಜಿಯನ್ನು ಕರೆಯಬೇಕಾದರೂ ಕಾರಿಗೆ ಬರುವುದು 'ಅಪ್ಪಾ' ಎಂಬ ಅದೊಂದೇ ಮಾತು. ಆದರೂ ಅವರು ಬರುತ್ತಾರೆ. ಒಬ್ಬಳು ಕಾಲೆಳೆಯುತ್ತಾ, ಒಬ್ಬಳು ಗೋಡೆ ತಡವುತ್ತಾ. ಎಷ್ಟು ಒತ್ತಿದರೆ ಅಷ್ಟು ಬೇಗ ಆ ದನಿ ಸವೆಯುತ್ತದೆಂದು ಅವನಿಗೆ ಗೊತ್ತು. ಸಾಕು ಮಗಳೇ ಎನ್ನಲು ದಿನಾ ಬಾಗಿಲವರೆಗೆ ಹೋಗುತ್ತಾನೆ. ಮಗಳು ಗಾಜಿನೊಳಗಿಂದ ಅವನನ್ನು ನೋಡಿ ಸದ್ದಿಲ್ಲದೆ ನಗುತ್ತಾಳೆ, ಮತ್ತೆ ಒತ್ತುತ್ತಾಳೆ.