ದಿಕ್ಸೂಚಿಯ ಆರು ಸ್ಕ್ರೂ

ಕೋಟೆಯ ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆ ಖಾಲಿಯಾಗಿದ್ದುದನ್ನು ಮೊದಲು ಕಂಡವನು ನಾನೇ. ಬೆನ್ನ ಹಿಂದೆ ಹನ್ನೆರಡು ಪ್ರವಾಸಿಗರಿದ್ದರು. ಮೊದಲಿನ ನಾನಾಗಿದ್ದರೆ ಇನ್ನೂರು ಎನ್ನುತ್ತಿದ್ದೆ.

ಕಡಲತೀರದ ಈ ಹಳೇ ಊರಿನಲ್ಲಿ ಇಪ್ಪತ್ತು ಗೈಡ್‌ಗಳು. ಹತ್ತೊಂಬತ್ತು ಜನ ಕೋಟೆ ತೋರಿಸುತ್ತಾರೆ. ನಾನು ಬಾಯಿ ತೆರೆದರೆ ಸತ್ತ ಸೈನಿಕರೂ ಎದ್ದು ಕೂತು ಕೇಳುತ್ತಾರೆ. ಅಂಥ ನನಗೆ ಹೆಸರು ತಂದದ್ದು ಆ ಪೆಟ್ಟಿಗೆಯಲ್ಲಿದ್ದ ಹಿತ್ತಾಳೆ ದಿಕ್ಸೂಚಿ. ಇಪ್ಪತ್ತು ವರ್ಷದ ಹಿಂದೆ, ಕೆಲಸದ ಹೊಸತರಲ್ಲಿ, ದೀಪಸ್ತಂಭದ ಕೆಳಕೋಣೆಯಲ್ಲಿ ನನಗೇ ಸಿಕ್ಕಿತ್ತು. ನಾನೂರು ವರ್ಷ ಹಳೆಯದು, ಮೂರು ಚಂಡಮಾರುತ ಕಂಡದ್ದು ಎಂದು ಅದಕ್ಕೆ ವಯಸ್ಸು ಕೊಟ್ಟವನೂ ನಾನೇ. ಅಷ್ಟು ಸಾಲದೆಂದು ರಾಜಧಾನಿಗೆ ಕಾಗದ ಬರೆದು ತಜ್ಞರೊಬ್ಬರನ್ನು ಬೇರೆ ಕರೆಸಿದ್ದೆ. ಅವರು ಬರುವುದು ಮರುದಿನ.

*

“ಬೀಗ ಒಡೆದಿಲ್ಲ. ಕೀಲಿ ಯಾರ ಹತ್ರ?” ಇನ್ಸ್‌ಪೆಕ್ಟರಮ್ಮ ಕೇಳಿದರು.

“ನನ್ನ ಹತ್ರಾನೇ, ಮೇಡಂ.” ಕಾವಲುಗಾರನ ನಿವೃತ್ತಿಗೆ ಎರಡೇ ತಿಂಗಳಿತ್ತು. ಕೀಲಿಗೊಂಚಲನ್ನು ತಾನಾಗಿ ಅವರ ಮುಂದೆ ಹಿಡಿದ.

“ಬೆಳಿಗ್ಗೆ ಯಾರ್ಯಾರು ಬಂದ್ರು?”

“ಬಾಗಿಲು ತೆಗೆದು ಟೀ ಕುಡಿಯೋಕೆ ಹೋದೆ. ಈ ಗೈಡ್ ಅವ್ರ ಭಾವ, ವಾಚ್ ರಿಪೇರಿ ಅಂಗಡಿಯವ್ರು, ಗೋಪುರದ ಗಡಿಯಾರಕ್ಕೆ ಕೀ ಕೊಡೋಕೆ ಬಂದಿದ್ರು. ದಿನಾ ಬರ್ತಾರೆ. ಆಮೇಲೆ ಈ ಹುಲ್ಲು ಟೋಪಿಯವ್ರು.”

ಹುಲ್ಲು ಟೋಪಿಯವನು ಹಿಂದಿನ ದಿನ ದಿಕ್ಸೂಚಿಯ ಬೆಲೆ ಕೇಳಿದ್ದ. ಅವನ ಚೀಲ ಸುರಿದರು. ಕಪ್ಪೆಚಿಪ್ಪು, ಒದ್ದೆ ಟವೆಲ್ಲು. ಅಷ್ಟೇ.

“ಹಾಗಾದ್ರೆ ನೀವೇ ಉಳಿದ್ರಿ,” ಎಂದರು ಇನ್ಸ್‌ಪೆಕ್ಟರಮ್ಮ, ಕಾವಲುಗಾರನಿಗೆ. “ಸ್ಟೇಷನ್‌ಗೆ ನಡೀರಿ.”

ನಾನು ಅಡ್ಡ ನಿಂತೆ. “ಅರ್ಧ ಗಂಟೆ ಕೊಡಿ ಮೇಡಂ. ಕಳ್ಳನ್ನ ಅವನ ಚಪ್ಪಲಿ ಸೈಜ್ ಸಮೇತ ಹೇಳ್ತೀನಿ.”

“ಐದು ನಿಮಿಷ. ಬಾಯಿ ಕಡಿಮೆ, ಕಣ್ಣು ಜಾಸ್ತಿ ಇರ್ಲಿ.”

ಜನ್ಮದಲ್ಲಿ ಮೊದಲ ಬಾರಿಗೆ ಒಬ್ಬರ ಮಾತು ಕೇಳಿದೆ. ಪೆಟ್ಟಿಗೆಯೊಳಗೆ ಬಗ್ಗಿ ನೋಡಿದೆ.

*

ಅದೇ ಹೊತ್ತಿಗೆ ಭಾವ ಟಿಫಿನ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರನ್ನು ಪಕ್ಕಕ್ಕೆ ಕರೆಯಬಹುದಿತ್ತು. ಆದರೆ ಹನ್ನೆರಡು ಜನ ನನ್ನ ಬಾಯನ್ನೇ ನೋಡುತ್ತಿದ್ದರು.

“ಕಳ್ಳ ಆದವನು ಆತುರದಲ್ಲಿ ಸ್ಕ್ರೂ ಚೆಲ್ತಾನೆ,” ಎಂದೆ. “ಇಲ್ಲಿ ಬೀಗ ಮುಟ್ಟದೆ ಪೆಟ್ಟಿಗೆ ಮುಚ್ಚಳಾನೇ ಬಿಚ್ಚಿ, ಅದರ ಆರೂ ಸ್ಕ್ರೂ ಒಳಗೆ ದುಂಡಗೆ ಜೋಡಿಸಿಟ್ಟಿದೆ. ಗಡಿಯಾರದ ಮುಖದ ಹಾಗೆ, ಹನ್ನೆರಡು ಗಂಟೆ ಜಾಗಕ್ಕೊಂದು, ಎರಡಕ್ಕೊಂದು, ನಾಲ್ಕಕ್ಕೊಂದು. ಯಾವುದು ಯಾವ ತೂತಿಂದು ಅಂತ ಮರೀಬಾರ್ದಲ್ಲ, ಅದಕ್ಕೆ. ಈ ಊರಲ್ಲಿ ಹೀಗಿಡೋ ಕೈ ಒಂದೇ. ಮನೇಲಿ ವಾಚ್ ಬಿಚ್ಚಿದಾಗ ಊಟದ ಮೇಜಿನ ಮೇಲೂ ಹೀಗೇ ಇಡುತ್ತೆ. ಬೆಳಿಗ್ಗೆ ಗೋಪುರ ಹತ್ತೋಕೆ ಈ ಕೋಣೆ ದಾಟಿದ್ದೂ ಅದೇ.” ತಿರುಗಿದೆ. “ಅಲ್ವಾ, ಭಾವ?”

ಪ್ರವಾಸಿಗರು ಚಪ್ಪಾಳೆ ತಟ್ಟಿದರು.

ಭಾವ ಡಬ್ಬಿ ತೆರೆದರು. ದಿಕ್ಸೂಚಿ ಅದರಲ್ಲಿತ್ತು.

“ತಜ್ಞರು ಹೋದ್ಮೇಲೆ ವಾಪಸ್ ಇಡೋದಿತ್ತು. ಈ ಕಾವಲಿನವ್ರ ಮೇಲೆ ಬಂತು ಅಂತ ಗೊತ್ತಾಯ್ತು, ಒಪ್ಪಿಸೋಕೇ ಬಂದೆ.”

“ಯಾಕೆ ಭಾವ?”

ಅವರು ದನಿ ತಗ್ಗಿಸಿದರು. “ಈ ದಿಕ್ಸೂಚಿ ನಾನೇ ಕೈಯಾರೆ ಮಾಡಿದ್ದು ಕಣೋ. ತಮಾಷೆಗೆ ಅಂತ ಆವತ್ತು ದೀಪಸ್ತಂಭದಲ್ಲಿ ನಿನ್ನ ಕಣ್ಣಿಗೆ ಬೀಳೋ ಹಾಗಿಟ್ಟೆ. ಸಂಜೆ ಹೇಳೋಣ ಅಂದ್ರೆ, ಅಷ್ಟೊತ್ತಿಗೆ ನೀನು ಊರಿಗೆಲ್ಲ ಸಾರಿಬಿಟ್ಟಿದ್ದೆ. ಆಮೇಲೆ ಬಾಯಿ ಬರ್ಲಿಲ್ಲ. ನಾಳೆ ಎಲ್ಲರೆದುರು ನಿನ್ನ ಮರ್ಯಾದೆ ಹೋಗುತ್ತಲ್ಲ ಅಂತ…”

*

ಕಾವಲುಗಾರ ಹಾರ ಹಾಕಿಸಿಕೊಂಡು ನಿವೃತ್ತನಾದ. ಭಾವನನ್ನು ಜೈಲಿಗೆ ಹಾಕಲಿಲ್ಲ. ಗೋಪುರದ ಕೀಲಿ ಕಿತ್ತುಕೊಂಡರು. ಈಗ ಆ ಗಡಿಯಾರ ಏಳು ನಿಮಿಷ ಹಿಂದೆ ಓಡುತ್ತದೆ. ಅಂಗಡಿಯಲ್ಲಿ ಕೂತ ಭಾವ ಅದು ಹೊಡೆದಾಗಲೆಲ್ಲ ತಲೆ ಎತ್ತುತ್ತಾರೆ. ಅಕ್ಕ ನನಗೆ ಊಟ ಬಡಿಸುತ್ತಾಳೆ, ಮಾತು ಬಡಿಸುವುದಿಲ್ಲ.

ದಿಕ್ಸೂಚಿ ಪೆಟ್ಟಿಗೆಗೆ ಮರಳಿದೆ. ತಜ್ಞರು ಅದನ್ನು ತಿರುಗಿಸಿ ನೋಡಿ, “ಹಳೆಯದಲ್ಲ, ಆದ್ರೆ ಇಂಥ ಕೈಕೆಲಸ ನಾನು ನೋಡಿಲ್ಲ,” ಎಂದಿದ್ದರು. ನಾನೀಗ ದಿನಕ್ಕೆ ಎಂಟು ಸಲ ಅದರ ಮುಂದೆ ನಿಂತು, “ಇದನ್ನು ಮಾಡಿದ್ದು ನಮ್ಮ ಭಾವ,” ಎನ್ನುತ್ತೇನೆ.

ಪ್ರವಾಸಿಗರು ನಗುತ್ತಾರೆ. “ಈ ಗೈಡ್ ಚೆನ್ನಾಗಿ ರೈಲು ಬಿಡ್ತಾರೆ ಕಣ್ರೀ,” ಎನ್ನುತ್ತಾ ಮುಂದಿನ ಕೋಣೆಗೆ ಹೋಗುತ್ತಾರೆ.